ರಣಬಿಸಿಲಿನಲ್ಲಿ ಗುರಿ ಇಡುವವರಿಗೆ ಕನ್ನಡಕ: ಆರಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಗೆ ಬರುತ್ತಾನೆ. ಏಪ್ರಿಲ್ ಕೊನೆ, ಮೇ ಆರಂಭದಲ್ಲಿ ಒಮ್ಮೆ, ಆಗಸ್ಟ್ ನಡುವಿನ ಹೊತ್ತಿಗೆ ಇನ್ನೊಮ್ಮೆ. ಆಗಸ್ಟಿನದು ಬಹುಮಟ್ಟಿಗೆ ಮೋಡದ ಮರೆಯಲ್ಲಿ ಕಳೆದುಹೋಗುತ್ತದೆ. ಬೇಸಿಗೆ ರಜೆಯ ಬಂದೂಕು ಶೂಟಿಂಗ್ ಶಿಬಿರ, ಅಭ್ಯಾಸ ಎಲ್ಲ ನಡೆಯುವುದು ಮೊದಲನೆಯದರ ಆಸುಪಾಸಿನಲ್ಲೇ. ಆಗ ಬಿಳಿ ಕಾಗದದ ಟಾರ್ಗೆಟ್ ಕಣ್ಣು ಕುಕ್ಕುತ್ತದೆ, ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಫ್ರಂಟ್ ಸೈಟಿನ ಅಂಚು ಕರಗಿದಂತೆ ಕಾಣುತ್ತದೆ, ಅರ್ಧ ಗಂಟೆಯಲ್ಲಿ ಹುಬ್ಬು ಬಿಗಿದು ತಲೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಹೆಚ್ಚಿನವರು ಮಾಡುವ ಉಪಾಯ ಒಂದೇ: ಸಿಕ್ಕಿದ್ದರಲ್ಲಿ ಅತಿ ಕಪ್ಪಾದ ತಂಪು ಕನ್ನಡಕ ಕೊಳ್ಳುವುದು.

ಅಲ್ಲೇ ಎರಡು ತಪ್ಪಾಗುತ್ತವೆ. ಕಪ್ಪು ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ಪೆಲೆಟ್, ಅಂದರೆ ಏರ್ ಗನ್ನಿನ ಸಣ್ಣ ಗುಂಡು, ಅದರ ಚೂರು ಬಡಿದರೆ ಅಂಥ ಲೆನ್ಸ್ ತಾನೇ ಒಡೆದು ಕಣ್ಣಿಗೆ ಚುಚ್ಚಬಹುದು. ಎರಡನೆಯದು, ಕಪ್ಪು ಹೆಚ್ಚಿದಷ್ಟೂ ಕಣ್ಣಿನ ಪಾಪೆ ಅಗಲವಾಗುತ್ತದೆ. ಪಾಪೆ ಕಿರಿದಾಗಿದ್ದರೆ ಹತ್ತಿರದ ಸೈಟೂ ದೂರದ ಟಾರ್ಗೆಟ್ಟೂ ಏಕಕಾಲಕ್ಕೆ ಸಾಕಷ್ಟು ಚೊಕ್ಕವಾಗಿ ಕಾಣುತ್ತವೆ. ಅಗಲವಾದರೆ ಒಂದು ಚೊಕ್ಕವಾದಾಗ ಇನ್ನೊಂದು ಮಸುಕು. ಹೀಗಾಗಿ ಬಿಸಿಲಿಗೆಂದು ಹಾಕಿದ ಕನ್ನಡಕವೇ ಗುರಿ ಕೆಡಿಸುತ್ತದೆ. ಆರಿಸುವಾಗ ಮೊದಲು ಪೆಟ್ಟು, ಆಮೇಲೆ ನೇರಳಾತೀತ ಕಿರಣ, ಮೂರನೆಯದಾಗಿ ಕಪ್ಪು ಎಷ್ಟು ಎಂಬುದು, ಕೊನೆಗೆ ಬಣ್ಣ. ಈ ಕ್ರಮ ತಲೆಕೆಳಗಾಗಬಾರದು.

1. ನಿಮ್ಮ ಬಂದೂಕು ಯಾವುದು, ಅಪಾಯ ಎಲ್ಲಿಂದ

10 ಮೀಟರ್ ಏರ್ ರೈಫಲ್, ಏರ್ ಪಿಸ್ತೂಲಿನಲ್ಲಿ 4.5 ಮಿ.ಮೀ. ಸೀಸದ ಪೆಲೆಟ್. ಇದರ ಅಪಾಯ ಎದುರಿನಿಂದ: ಗಟ್ಟಿ ಹಲಗೆಗೋ ಕಬ್ಬಿಣದ ತಗಡಿಗೋ ಬಡಿದು ಚೂರು ಹಿಂದಕ್ಕೆ ಹಾರುತ್ತದೆ. ಉಕ್ಕಿನ ಬಿಬಿ, ಅಂದರೆ ಸಣ್ಣ ದುಂಡನೆಯ ಗುಂಡು, ಇನ್ನೂ ಕೆಟ್ಟದ್ದು. ಸೀಸ ಚಪ್ಪಟೆಯಾಗಿ ವೇಗ ಕಳೆದುಕೊಳ್ಳುತ್ತದೆ, ಉಕ್ಕು ಚಪ್ಪಟೆಯಾಗದೆ ಚೆಂಡಿನಂತೆ ಪುಟಿದು ಬರುತ್ತದೆ. ನಮ್ಮ ಭಾಗದ ಜಾತ್ರೆಗಳಲ್ಲಿ ಬಲೂನ್ ಹೊಡೆಯುವ ಅಂಗಡಿಯ ಪಕ್ಕ ಮಕ್ಕಳು ಹಲಗೆಗೆ ಅಂಟಿಕೊಂಡು ನಿಲ್ಲುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ಹೊಡೆಯುವವನಿಗಿಂತ ನೋಡುವವನಿಗೇ ಕನ್ನಡಕ ಹೆಚ್ಚು ಬೇಕು.

ಮದ್ದಿನ ಕಾಡತೂಸು ಹಾಕುವ .22 (0.22 ಇಂಚಿನ) ರೈಫಲ್, ಪಿಸ್ತೂಲಿನಲ್ಲಿ ಅಪಾಯ ಹತ್ತಿರದ್ದು. ಕಾಡತೂಸಿನ ತಳದ ಅಂಚು ಸೀಳಿದರೆ ಬಿಸಿ ಅನಿಲ, ಸುಡದ ಮದ್ದಿನ ಕಣ, ಹಿತ್ತಾಳೆ ಚೂರು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಕಡೆಯಿಂದ ಮುಖಕ್ಕೆ ಬರುತ್ತವೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಪಕ್ಕದವರ ಕಾಡತೂಸಿನ ಖಾಲಿ ಕೇಸ್ ಹಾರಿ ನಿಮ್ಮ ಹುಬ್ಬಿಗೂ ಫ್ರೇಮಿಗೂ ನಡುವಿನ ಸಂದಿಯಲ್ಲಿ ಬೀಳಬಹುದು. ಕಾದ ಹಿತ್ತಾಳೆ ರೆಪ್ಪೆಗೆ ತಾಗಿದರೆ ಕೈಯಲ್ಲಿ ಬಂದೂಕಿದೆ ಎಂಬುದೇ ಮರೆತುಹೋಗುತ್ತದೆ. ಆ ಕ್ಷಣದಲ್ಲಿ ನಳಿಗೆ ಎತ್ತ ತಿರುಗುತ್ತದೆ ಎಂದು ಹೇಳಲಾಗದು. ಹಾರುವ ಬಿಲ್ಲೆ, ಅಂದರೆ ಕ್ಲೇ, ಹೊಡೆಯುವ ಟ್ರ್ಯಾಪ್, ಸ್ಕೀಟ್ ಆಟಗಾರರಿಗೆ ಮೇಲಿಂದ ಅದರ ಚೂರು, ಜತೆಗೆ ಗಾಳಿಯ ಧೂಳು.

2. ಪೆಟ್ಟು ತಡೆಯುವ ಗುರುತು ಹುಡುಕಿ

ಲೆನ್ಸ್ ಪಾಲಿಕಾರ್ಬೊನೇಟ್ ಆಗಿರಬೇಕು, ಇಲ್ಲವೇ ಟ್ರೈವೆಕ್ಸ್. ಎರಡೂ ಪೆಟ್ಟು ತಾಳುವ ಪ್ಲಾಸ್ಟಿಕ್. ನಿಜವಾದ ಗಾಜಿನ ಲೆನ್ಸ್ ನೋಟಕ್ಕೆ ಎಷ್ಟೇ ಚೊಕ್ಕವಾಗಿದ್ದರೂ ರೇಂಜಿಗೆ, ಅಂದರೆ ಗುಂಡು ಹೊಡೆಯುವ ಅಭ್ಯಾಸದ ಜಾಗಕ್ಕೆ, ಬೇಡ. ಚಾಳೀಸಿನ ಅಂಗಡಿಯಲ್ಲಿ ಕೊಡುವ ಸಾಮಾನ್ಯ ಪ್ಲಾಸ್ಟಿಕ್, ಅಂದರೆ ಸಿಆರ್-39, ಇದೂ ಬೇಡ. ಅದು ಪೆಟ್ಟಿಗೆ ಸೀಳುತ್ತದೆ. ಪಾಲಿಕಾರ್ಬೊನೇಟ್ ತಗ್ಗು ಬಿದ್ದು ಪೆಟ್ಟನ್ನು ನುಂಗುತ್ತದೆ.

‘ಅನ್‌ಬ್ರೇಕಬಲ್’ ಎಂದು ಸ್ಟಿಕರ್ ಅಂಟಿಸಿದ್ದನ್ನು ನಂಬಬೇಡಿ. ಕಡ್ಡಿಯ ಒಳಮೈಯಲ್ಲಿ ಮತ್ತು ಲೆನ್ಸಿನ ಮೂಲೆಯಲ್ಲಿ ಅಚ್ಚೊತ್ತಿದ ಸಣ್ಣ ಗುರುತು ನೋಡಿ. ಎರಡೂ ಕಡೆ ಇರಬೇಕು. ಲೆನ್ಸ್ ಗಟ್ಟಿಯಿದ್ದು ಫ್ರೇಮ್ ಕೈಕೊಟ್ಟರೆ ಇಡೀ ಲೆನ್ಸೇ ಕಿತ್ತು ಕಣ್ಣಿಗೆ ಬಡಿಯುತ್ತದೆ.

ಅಮೆರಿಕದ ಮಾನದಂಡದ ಗುರುತು ಝಡ್87+. ಕೊನೆಯ ಆ ಪ್ಲಸ್ ಚಿಹ್ನೆಯೇ ಮುಖ್ಯ. ಅದಿದ್ದರೆ 6.35 ಮಿ.ಮೀ. ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದು, ಅರ್ಧ ಕಿಲೋ ತೂಕದ ಮೊನಚು ಭಾರವನ್ನು 127 ಸೆಂ.ಮೀ. ಎತ್ತರದಿಂದ ಬೀಳಿಸಿ ನೋಡಿರುತ್ತಾರೆ. ಪ್ಲಸ್ ಇಲ್ಲದ ಬರೀ ಝಡ್87 ಇಷ್ಟು ಪೆಟ್ಟಿಗೆ ಪರೀಕ್ಷೆಯಾದದ್ದಲ್ಲ. ಯುರೋಪಿನ ಇಎನ್ 166ರಲ್ಲಿ ಎಫ್ ಅಕ್ಷರ ಹುಡುಕಿ. ಅದೂ ಸೆಕೆಂಡಿಗೆ 45 ಮೀಟರಿನ ಪರೀಕ್ಷೆಯೇ. ಬರೀ ಎಸ್ ಇದ್ದರೆ ಸಾಲದು. ಸೇನೆಯ ಬಳಕೆಗೆಂದು ಮಾಡಿದವುಗಳ ಮೇಲೆ ಎಂಐಎಲ್-ಪಿಆರ್‌ಎಫ್-32432 ಎಂದಿರುತ್ತದೆ. ಅಲ್ಲಿ 3.8 ಮಿ.ಮೀ. ಚೂರನ್ನು ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹೊಡೆಯುತ್ತಾರೆ. ಕೈಗಾರಿಕೆಯ ಕಣ್ಣಿನ ರಕ್ಷಣೆಗೆ ಭಾರತೀಯ ಮಾನದಂಡ ಐಎಸ್ 5983.

10 ಮೀಟರ್ ಏರ್ ರೈಫಲಿನ ನಳಿಗೆಯಿಂದ ಪೆಲೆಟ್ ಹೊರಡುವುದು ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲಿ. ಅಂದರೆ ಝಡ್87+ ಕನ್ನಡಕ ನೇರ ಹೊಡೆತಕ್ಕೆ ಗುರಾಣಿಯೆಂದು ಯಾರೂ ಭರವಸೆ ಕೊಟ್ಟಿಲ್ಲ. ಅದು ಪುಟಿದು ಬಂದ, ವೇಗ ಕಳೆದುಕೊಂಡ ಚೂರಿಗೆ. ನಳಿಗೆಯ ಶಿಸ್ತಿಗೆ ಯಾವ ಕನ್ನಡಕವೂ ಬದಲಿಯಾಗದು.

ಹುಬ್ಬಳ್ಳಿಯ ದುರ್ಗದಬೈಲಿನ ಫುಟ್‌ಪಾತಿನಲ್ಲಿ ಚೆಂದದ ಕನ್ನಡಕ ಸಿಗುತ್ತವೆ, ಈ ಗುರುತು ಸಿಗುವುದಿಲ್ಲ. ಹುಡುಕಬೇಕಾದದ್ದು ಕಾರ್ಖಾನೆಗಳಿಗೆ ಹೆಲ್ಮೆಟ್, ಕೈಗವಸು, ಸೇಫ್ಟಿ ಬೂಟು ಮಾರುವ ಅಂಗಡಿಗಳಲ್ಲಿ. ಗುರುತಿರುವ ಕಪ್ಪು ಸೇಫ್ಟಿ ಕನ್ನಡಕ ಅಲ್ಲಿ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಹೊಸಬರಿಗೆ ದುಬಾರಿ ಶೂಟಿಂಗ್ ಬ್ರಾಂಡ್‌ಗಿಂತ ಅದೇ ಒಳ್ಳೆಯ ಆರಂಭ.

3. ನೇರಳಾತೀತ ಕಿರಣ: ಐನೂರರ ನೋಟಿನ ಪರೀಕ್ಷೆ

ಕಪ್ಪು ಲೆನ್ಸ್ ನೇರಳಾತೀತ ಕಿರಣ ತಡೆಯದಿದ್ದರೆ ಬರಿಗಣ್ಣಿಗಿಂತ ಕೆಟ್ಟದ್ದು, ಏಕೆಂದರೆ ಕತ್ತಲಿಗೆ ಅಗಲವಾದ ಪಾಪೆಯಿಂದ ಆ ಕಿರಣ ಇನ್ನೂ ಹೆಚ್ಚು ಒಳಹೋಗುತ್ತದೆ. ಬೇಕಾದದ್ದು ‘ಯುವಿ400’, ಅಂದರೆ 400 ನ್ಯಾನೊಮೀಟರ್‌ವರೆಗೆ ತಡೆ. ಪಾಲಿಕಾರ್ಬೊನೇಟ್ ತನ್ನ ಗುಣದಿಂದಲೇ 380ರವರೆಗಿನದನ್ನು ಬಹುತೇಕ ನುಂಗಿಬಿಡುತ್ತದೆ, ಬಣ್ಣವಿಲ್ಲದ ಬಿಳಿ ಲೆನ್ಸ್ ಕೂಡ.

ಮನೆಯಲ್ಲಿ ಹೀಗೆ ನೋಡಬಹುದು. ಕೋಣೆ ಕತ್ತಲು ಮಾಡಿ. 365 ನ್ಯಾನೊಮೀಟರ್ ಯುವಿ ಟಾರ್ಚನ್ನು 500 ರೂಪಾಯಿ ನೋಟಿನ ಮೇಲೆ ಬಿಡಿ. ನೋಟಿನ ನಂಬರು ಮತ್ತು ಕಾಗದದೊಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಲೆನ್ಸ್ ಹಿಡಿಯಿರಿ. ನೀವು ನೋಟನ್ನು ಪಕ್ಕದಿಂದ, ಬರಿಗಣ್ಣಿನಿಂದ ನೋಡಬೇಕು, ಲೆನ್ಸಿನ ಮೂಲಕವಲ್ಲ. ಹೊಳಪು ನಂದಿದರೆ ಲೆನ್ಸ್ ಕಿರಣ ತಡೆಯುತ್ತಿದೆ. ನಂಬರು ಇನ್ನೂ ಮಿನುಗುತ್ತಿದ್ದರೆ ಆ ಕನ್ನಡಕ ಬಿಸಿಲಿಗೆ ಬೇಡ. ಅಗ್ಗದ ನೇರಳೆ ಟಾರ್ಚುಗಳು ಹೆಚ್ಚಾಗಿ 395 ನ್ಯಾನೊಮೀಟರಿನವು. ಅವುಗಳ ಬೆಳಕು 400 ದಾಟಿ ಚಾಚಿರುವುದರಿಂದ ಒಳ್ಳೆಯ ಲೆನ್ಸಿನ ಹಿಂದೆಯೂ ಒಂದಿಷ್ಟು ಹೊಳಪು ಉಳಿದು ದಾರಿ ತಪ್ಪಿಸುತ್ತದೆ. 365ರ ಟಾರ್ಚ್ ಕೂಡ 380ರಿಂದ 400ರ ನಡುವಿನದನ್ನು ಹೇಳಲಾರದು, ಹಾಗಾಗಿ ಯುವಿ400 ಎಂದು ಬರೆದ ಚೀಟಿಯೂ ಇರಲಿ. ಟಾರ್ಚನ್ನು ಕಣ್ಣಿಗೆ ಬಿಟ್ಟುಕೊಳ್ಳಬಾರದು. ಯುವಿ ಮೀಟರ್ ಇರುವ ಚಾಳೀಸಿನ ಅಂಗಡಿ ಗೊತ್ತಿದ್ದರೆ ಅಲ್ಲೇ ತೋರಿಸುವುದು ಸುಲಭ.

ಇನ್ನೊಂದು ಮಾತು ಹೊತ್ತಿನ ಬಗ್ಗೆ. ನಾವು ಭಾರತೀಯ ಸಮಯದ ರೇಖೆಗಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದೇವೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ನಿಜವಾದ ನಡುಹಗಲು ಹನ್ನೆರಡೂವರೆ ಆಸುಪಾಸಿಗೆ. ನಿಮ್ಮ ನೆರಳು ನಿಮಗಿಂತ ಚಿಕ್ಕದಾಗಿರುವಷ್ಟು ಹೊತ್ತೂ ಕಿರಣ ತೀಕ್ಷ್ಣ ಎಂದು ತಿಳಿಯಿರಿ, ತೆಳು ಮೋಡವಿದ್ದರೂ.

4. ಕಪ್ಪು ಎಷ್ಟಿರಬೇಕು

ಲೆನ್ಸ್ ನೂರರಲ್ಲಿ ಎಷ್ಟು ಪಾಲು ಬೆಳಕು ಒಳಬಿಡುತ್ತದೆ ಎಂಬುದೇ ಅಳತೆ. ತಂಪು ಕನ್ನಡಕಗಳಿಗೆ 0ಯಿಂದ 4ರವರೆಗೆ ವರ್ಗಗಳಿವೆ: 0 ಎಂದರೆ ಶೇ. 80ಕ್ಕಿಂತ ಹೆಚ್ಚು, 1 ಎಂದರೆ 43ರಿಂದ 80, 2 ಎಂದರೆ 18ರಿಂದ 43, 3 ಎಂದರೆ 8ರಿಂದ 18, 4 ಎಂದರೆ 3ರಿಂದ 8. ನಾಲ್ಕನೆಯದು ಹಿಮ ಪರ್ವತದವರಿಗೆ. ಅದನ್ನು ಹಾಕಿ ವಾಹನ ಓಡಿಸುವುದೂ ಸಲ್ಲದು. ಯುರೋಪಿನ ಸೇಫ್ಟಿ ಕನ್ನಡಕದ ಮೇಲೆ 5-2.5 ಅಥವಾ 5-3.1 ಎಂದು ಕಾಣಬಹುದು. ಮೊದಲ 5 ಬಿಸಿಲಿನ ಫಿಲ್ಟರ್ ಎಂಬುದಕ್ಕೆ, ಮುಂದಿನ ಸಂಖ್ಯೆ ಕಪ್ಪಿನ ಮಟ್ಟಕ್ಕೆ. 2.5 ಸುಮಾರು ಶೇ. 18ರಿಂದ 29, 3.1 ಸುಮಾರು 8ರಿಂದ 18.

ಪೂರ್ತಿ ಬಯಲಿನಲ್ಲಿ, ನೆತ್ತಿ ಬಿಸಿಲಿನಲ್ಲಿ ನಿಂತು ಟ್ರ್ಯಾಪ್ ಆಡುವವರಿಗೆ ಶೇ. 15ರಿಂದ 25. ನೀವು ನಿಂತು ಹೊಡೆಯುವ ಫೈರಿಂಗ್ ಪಾಯಿಂಟಿನ ಮೇಲೆ ಚಾವಣಿ ಇದ್ದು ಟಾರ್ಗೆಟ್ ಮಾತ್ರ ಬಿಸಿಲಿನಲ್ಲಿದ್ದರೆ ಶೇ. 25ರಿಂದ 40. ಈ ಎರಡನೆಯ ಸಂದರ್ಭದಲ್ಲೇ ತಪ್ಪು ಹೆಚ್ಚು. ನಿಮ್ಮ ಸೈಟ್ ನೆರಳಿನಲ್ಲಿದೆ, ಟಾರ್ಗೆಟ್ ಉರಿಯುತ್ತಿದೆ. ಟಾರ್ಗೆಟ್ಟಿನ ಹೊಳಪಿಗೆ ಹೆದರಿ ಕಡುಗಪ್ಪು ಹಾಕಿದರೆ ಹಿಂದಿನ ಸೈಟಿನ ಕಂಡಿಯೇ ಮಾಯ. ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಪೀಪ್ ಸೈಟಿನ ರೈಫಲಿಗೆ ಇನ್ನೂ ತಿಳಿ ಬಣ್ಣದ್ದು ಸಾಕು, ಆ ರಂಧ್ರವೇ ಬೆಳಕನ್ನು ಕತ್ತರಿಸುತ್ತದೆ.

ಸಂಖ್ಯೆ ಬರೆದಿರದಿದ್ದರೆ ಕನ್ನಡಿ ಮುಂದೆ ಹಾಕಿಕೊಂಡು ನೋಡಿ. ಅಂಗಡಿಯ ಬೆಳಕಿನಲ್ಲಿ ನಿಮ್ಮ ಕಣ್ಣು ಮಬ್ಬಾಗಿಯಾದರೂ ಕಾಣಬೇಕು. ಏನೂ ಕಾಣದಿದ್ದರೆ ಗುರಿ ಇಡಲು ಅದು ಅತಿ ಕಪ್ಪು. ಹೊರಮೈಗೆ ಕನ್ನಡಿ ಲೇಪ ಇದ್ದದ್ದಕ್ಕೆ ಈ ಪರೀಕ್ಷೆ ನಡೆಯದು.

5. ಬಣ್ಣ

ಕಾಗದದ ಟಾರ್ಗೆಟ್‌ಗೆ ಹೊಗೆ ಬಣ್ಣ ಅಥವಾ ಕಂದು, ಇವೆರಡರಲ್ಲೇ ಮುಗಿಯುತ್ತದೆ. ಹೊಗೆ ಬಣ್ಣ ಎಲ್ಲ ಬಣ್ಣವನ್ನೂ ಸಮವಾಗಿ ತಗ್ಗಿಸುತ್ತದೆ. ಕಂದು ನೀಲಿ ಬೆಳಕನ್ನು ಹೆಚ್ಚು ಕತ್ತರಿಸುತ್ತದೆ. ಧೂಳು ತುಂಬಿದ ಗಾಳಿಯಲ್ಲಿ ಮಬ್ಬು ಹರಡುವುದು ಮುಖ್ಯವಾಗಿ ನೀಲಿಯೇ, ಆದ್ದರಿಂದ ನಮ್ಮ ಬೇಸಿಗೆಗೆ ಕಂದಿನಲ್ಲಿ ಅಂಚುಗಳು ಎದ್ದು ಕಾಣುತ್ತವೆ. ಒಂದೇ ಕೊಳ್ಳುವುದಾದರೆ ಕಂದು ಕೊಳ್ಳಿ. ಹಳದಿ ಮೋಡದ ದಿನಕ್ಕೆ. ಉರಿಬಿಸಿಲಿಗೆ ಹಳದಿ ಹಾಕಿದರೆ ಎಲ್ಲವೂ ಇನ್ನಷ್ಟು ಪ್ರಖರವಾದಂತೆ ತೋರುತ್ತದೆ. ಸಂಜೆಗೆ, ಒಳಾಂಗಣಕ್ಕೆ ಬಿಳಿ.

ಕ್ಲೇ ಹೊಡೆಯುವವರಿಗೆ ಮಾತ್ರ ಬಣ್ಣ ದೊಡ್ಡ ವಿಷಯ. ಕಿತ್ತಳೆ ಬಣ್ಣದ ಕ್ಲೇ, 11 ಸೆಂ.ಮೀ. ಅಗಲ, ಕಣ್ಣಿಗೆ ಸಿಕ್ಕು ಮರೆಯಾಗಲು ಎಷ್ಟೋ ಕಡಿಮೆ ಹೊತ್ತು. ಮಳೆಗಾಲದ ನಂತರ ಹಿನ್ನೆಲೆ ಹಸಿರಾಗಿದ್ದಾಗ ಕೆಂಪು ಛಾಯೆಯ, ಅಂದರೆ ವರ್ಮಿಲಿಯನ್ ಅಥವಾ ನೇರಳೆ ಲೆನ್ಸ್ ಹಸಿರನ್ನು ಕುಗ್ಗಿಸಿ ಕಿತ್ತಳೆಯನ್ನು ಎಬ್ಬಿಸುತ್ತದೆ. ಅದೇ ಲೆನ್ಸ್ ಹಾಕಿ ಬೇಸಿಗೆಯಲ್ಲಿ ಗದಗಿನ ಕಡೆಯ ಮಸಾರಿ ಮಣ್ಣಿನ ದಿಬ್ಬದೆದುರು ನಿಂತರೆ ಕ್ಲೇ, ಮಣ್ಣು ಎರಡೂ ಕೆಂಪಗೆ ಎದ್ದುಬಂದು ಒಂದರಲ್ಲೊಂದು ಬೆರೆಯುತ್ತವೆ. ಅಲ್ಲಿ ಹೊಗೆ ಬಣ್ಣಕ್ಕೆ ಮರಳಿ. ಎರಿ ಮಣ್ಣಿನ ಕಪ್ಪು ಹಿನ್ನೆಲೆಗೆ ಕಿತ್ತಳೆ ಕ್ಲೇ ಹೇಗೂ ಚೆನ್ನಾಗಿ ಕಾಣುತ್ತದೆ. ಕೆಂಪು-ಹಸಿರು ಗುರುತಿಸುವಲ್ಲಿ ತೊಂದರೆ ಇರುವವರು ಇನ್ನೊಬ್ಬರ ಸಲಹೆ ಕೇಳದೆ ತಾವೇ ಹಾಕಿ ನೋಡಿ ಆರಿಸಬೇಕು.

6. ಪೋಲರೈಸ್ಡ್, ಬಣ್ಣ ಬದಲಿಸುವ ಲೆನ್ಸ್

ಪೋಲರೈಸ್ಡ್ ಲೆನ್ಸ್ ನೀರು, ಟಾರು ರಸ್ತೆ, ಬಾನೆಟ್‌ಗಳ ಅಡ್ಡ ಪ್ರತಿಫಲನ ತೆಗೆಯುತ್ತದೆ. ಬೈಕ್ ಓಡಿಸುವವರಿಗೆ ವರ. ರೇಂಜಿನಲ್ಲಿ ಅದರ ಲಾಭ ಕಡಿಮೆ. ಎಲೆಕ್ಟ್ರಾನಿಕ್ ಟಾರ್ಗೆಟ್ಟಿನ ಪರದೆ ತಲೆ ಓರೆಮಾಡಿದಾಗ ಕಪ್ಪಾಗಿಬಿಡಬಹುದು. ಕೊಂಡಾಗಿದ್ದರೆ ಮೊಬೈಲ್ ಪರದೆಯನ್ನು ಅದರ ಮೂಲಕ ನೋಡುತ್ತಾ ನಿಧಾನ ತಿರುಗಿಸಿ, ಯಾವ ಕೋನದಲ್ಲಿ ಮಾಯವಾಗುತ್ತದೆ ಎಂದು ತಿಳಿಯುತ್ತದೆ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೊಕ್ರೋಮಿಕ್ ಲೆನ್ಸ್ ಕೇಳಲು ಚೆಂದ. ಆದರೆ ಸೆಕೆ ಹೆಚ್ಚಿದಷ್ಟೂ ಅದು ಕಡಿಮೆ ಕಪ್ಪಾಗುತ್ತದೆ, ಅಂದರೆ ಬೇಕೇಬೇಕಾದ ಮೇ ತಿಂಗಳಲ್ಲೇ ಹಿಂದೆ ಬೀಳುತ್ತದೆ. ಶ್ರಾವಣದಲ್ಲಿ ಮೋಡ ಓಡುವ ವೇಗಕ್ಕೆ ಅದು ತಿಳಿಯಾಗುವುದು ಸಾಟಿಯಲ್ಲ, ಅದಕ್ಕೆ ಕೆಲವು ನಿಮಿಷ ಬೇಕು. ಅದೇ ಹಣಕ್ಕೆ ಲೆನ್ಸ್ ಬದಲಿಸಬಹುದಾದ ಒಂದು ಫ್ರೇಮ್, ಕಂದು ಮತ್ತು ಬಿಳಿ ಎರಡು ಲೆನ್ಸ್ ತೆಗೆದುಕೊಳ್ಳುವುದು ಲೇಸು.

7. ಮುಖಕ್ಕೆ ಕೂರುವುದು

ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಸಾಲದು, ಗುರಿ ಇಡುವ ಭಂಗಿಯಲ್ಲಿ ನೋಡಬೇಕು. ಪ್ರೋನ್‌ನಲ್ಲಿ, ಅಂದರೆ ಹೊಟ್ಟೆಯ ಮೇಲೆ ಮಲಗಿ, ಕೆನ್ನೆಯನ್ನು ಬಂದೂಕಿನ ಹಿಂಬದಿಯ ಬಟ್ಟಿಗೆ ಒತ್ತಿದಾಗ ನೀವು ಲೆನ್ಸಿನ ನಡುವಿನಿಂದ ನೋಡುವುದೇ ಇಲ್ಲ. ಮೂಗಿನ ಬದಿಯ ಮೇಲಿನ ಮೂಲೆಯಿಂದ ನೋಡುತ್ತೀರಿ. ಅಲ್ಲಿಗೆ ಫ್ರೇಮಿನ ಮೇಲಂಚು ಅಡ್ಡ ಬಂದರೆ ಕುತ್ತಿಗೆ ಎತ್ತಬೇಕಾಗುತ್ತದೆ, ಹತ್ತು ಹೊಡೆತದೊಳಗೆ ಭಂಗಿ ಕೆಡುತ್ತದೆ. ಮೇಲಂಚಿಗೆ ಪಟ್ಟಿ ಇಲ್ಲದ ಅರ್ಧ ಫ್ರೇಮ್, ಎತ್ತರ ಹೊಂದಿಸಬಲ್ಲ ಮೂಗಿನ ಪ್ಯಾಡ್ ಇದಕ್ಕೆ ಪರಿಹಾರ. ಮಂಡಿಯೂರಿಯೂ ನಿಂತೂ ಹೊಡೆಯುವವರು ಮೂರೂ ಭಂಗಿ ಪರೀಕ್ಷಿಸಲಿ.

ಹುಬ್ಬಿನ ಮೇಲೆ, ಕಣ್ಣಿನ ಪಕ್ಕದಲ್ಲಿ ಕಿರುಬೆರಳ ತುದಿ ತೂರುವಷ್ಟು ಸಂದಿಯಿದ್ದರೆ ಕಾದ ಕೇಸ್ ಕೂಡ ತೂರಬಹುದು. ಸಂದಿ ಪೂರ್ತಿ ಮುಚ್ಚಿದರೂ ಕಷ್ಟ, ಬೆವರಿನ ಹಬೆ ಹೊರಹೋಗದು. ರೆಪ್ಪೆ ಲೆನ್ಸಿಗೆ ತಾಗದೆ, ಅಂಚು ಮುಖದ ಏರಿಳಿತವನ್ನು ಹಿಂಬಾಲಿಸುತ್ತಾ ಇದ್ದರೆ ಸರಿ. ಉಳಿದ ಮೇಲಿನ ಸಂದಿಗೆ ಟೋಪಿಯ ಅಂಚು ಕಾವಲು.

ಅನೇಕರು ಗಮನಿಸದ್ದು ಕಡ್ಡಿಯ ದಪ್ಪ. ಸದ್ದು ತಡೆಯಲು ಕಿವಿಗೆ ಹಾಕುವ ಇಯರ್ ಮಫ್‌ನ ಮೆತ್ತೆಯ ಕೆಳಗೆ ದಪ್ಪ ಕಡ್ಡಿ ಬಂದರೆ ಅಲ್ಲಿ ಸೀಳು ಉಂಟಾಗಿ ಸದ್ದು ಒಳನುಗ್ಗುತ್ತದೆ. ಕಣ್ಣು ಉಳಿಸಲು ಹೋಗಿ ಕಿವಿ ಕೆಡಿಸಿಕೊಂಡಂತೆ. ತೆಳ್ಳಗಿನ, ಚಪ್ಪಟೆ, ನೇರ ಕಡ್ಡಿ ಆರಿಸಿ. ಅಂಗಡಿಗೆ ನಿಮ್ಮ ಮಫ್ ಮತ್ತು ಟೋಪಿ ಜತೆಗೇ ಒಯ್ಯಿರಿ.

ಗುರಿ ಇಡದ ಕಣ್ಣನ್ನು ಮುಚ್ಚುವ ರೂಢಿಯಿದ್ದರೆ ಆ ಲೆನ್ಸಿಗೆ ಅರೆಪಾರದರ್ಶಕ ಟೇಪ್ ಅಂಟಿಸಿ, ಕಪ್ಪು ಬೇಡ. ಒಂದು ಕಣ್ಣು ಕತ್ತಲಾದರೆ ಇನ್ನೊಂದರ ಪಾಪೆಯೂ ಜತೆಗೇ ಅಗಲವಾಗುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಂತೆ ಈ ಮರೆಪಟ್ಟಿಯ ಅಗಲ 30 ಮಿ.ಮೀ. ಮೀರುವಂತಿಲ್ಲ.

8. ನಂಬರ್ ಇರುವವರಿಗೆ

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ತುರ್ಕಿಯ ಯೂಸುಫ್ ದಿಕೆಚ್ ದಿನಬಳಕೆಯ ಕನ್ನಡಕದಲ್ಲೇ ಏರ್ ಪಿಸ್ತೂಲ್ ಮಿಶ್ರ ತಂಡದ ಬೆಳ್ಳಿ ಗೆದ್ದದ್ದನ್ನು ತೋರಿಸಿ ‘ಇಷ್ಟೆಲ್ಲ ಯಾಕೆ’ ಎನ್ನುವವರಿದ್ದಾರೆ. ಅದು ಒಳಾಂಗಣ, ಬೆಳಕು ಸಮ, ಪೆಲೆಟ್ ಹಿಡಿಯುವ ವ್ಯವಸ್ಥೆ ಪಕ್ಕಾ. ಬಯಲಿನ ಬಿಸಿಲಿಗೆ ಆ ಹೋಲಿಕೆ ಸಲ್ಲದು.

ನಂಬರ್ ಲೆನ್ಸನ್ನು ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸಿನಲ್ಲಿ ಮಾಡಿಸಿ, ಎಲ್ಲೂ 2 ಮಿ.ಮೀ.ಗಿಂತ ತೆಳುವಾಗದಂತೆ ಹೇಳಿ. ನಂಬರ್ ಜಾಸ್ತಿಯಿದ್ದರೆ ಟ್ರೈವೆಕ್ಸ್ ಉತ್ತಮ. ಪಾಲಿಕಾರ್ಬೊನೇಟಿನ ಅಂಚಿನಲ್ಲಿ ಬಣ್ಣದ ಅಂಚುಗೆರೆ ಹೆಚ್ಚು ಕಾಣುತ್ತದೆ, ಮೂಲೆಯಿಂದ ನೋಡುವ ಪ್ರೋನ್ ಶೂಟರಿಗೆ ಅದು ಕಾಟ. ನಲವತ್ತು ದಾಟಿ ಫ್ರಂಟ್ ಸೈಟ್ ಮಸುಕಾಗುತ್ತಿದ್ದರೆ ಗುರಿಗಣ್ಣಿಗೆ ದೂರದ ನಂಬರಿನ ಮೇಲೆ +0.50 ಅಥವಾ +0.75 ಸೇರಿಸಿ ಪರೀಕ್ಷಿಸಲು ಕೇಳಿ. ಕಣ್ಣಿನಿಂದ ಫ್ರಂಟ್ ಸೈಟಿಗಿರುವ ಅಂತರವನ್ನು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದು ಒಯ್ದರೆ ಪರೀಕ್ಷಿಸುವವರಿಗೆ ಕೆಲಸ ಹಗುರ. ಬೈಫೋಕಲ್ ಬೇಡ, ತಲೆ ಸ್ವಲ್ಪ ಅಲುಗಿದರೂ ಗೆರೆ ಅಡ್ಡ ಬರುತ್ತದೆ. ಈಗಲೇ ಖರ್ಚು ಬೇಡವೆನಿಸಿದರೆ ಚಾಳೀಸಿನ ಮೇಲೆಯೇ ಹಾಕುವ ದೊಡ್ಡ ಸೇಫ್ಟಿ ಕನ್ನಡಕ ಸಿಗುತ್ತದೆ. ಹಬೆ ಹಿಡಿಯುತ್ತದೆ, ಆದರೂ ಬರೀ ಚಾಳೀಸಿಗಿಂತ ಎಷ್ಟೋ ವಾಸಿ.

9. ದುಡ್ಡು ಕೊಡುವ ಮುನ್ನ

ಕನ್ನಡಕವನ್ನು ಒಂದು ಮೊಳ ದೂರ ಹಿಡಿದು ಅಂಗಡಿಯ ಬಾಗಿಲ ಚೌಕಟ್ಟಿನ ನೇರ ಅಂಚನ್ನು ಅದರ ಮೂಲಕ ನೋಡಿ. ಕನ್ನಡಕವನ್ನು ನಿಧಾನ ಅಡ್ಡಕ್ಕೂ ಮೇಲಕ್ಕೂ ಸರಿಸಿ. ನಂಬರ್ ಇಲ್ಲದ ಲೆನ್ಸಿನಲ್ಲಿ ಗೆರೆ ನೆಟ್ಟಗೇ ಇರಬೇಕು. ಹಾವಿನಂತೆ ಹೊರಳಿದರೆ ಅಚ್ಚು ಕೆಟ್ಟಿದೆ, ನಿಮ್ಮ ಗುರಿಯೂ ಅಷ್ಟೇ ಹೊರಳುತ್ತದೆ. ತುದಿಯ ಒಂದೆರಡು ಮಿಲಿಮೀಟರಿನ ಬಾಗು ಮಾತ್ರ ಕ್ಷಮ್ಯ.

ಆಮೇಲೆ ಹಾಕಿಕೊಂಡು ಹೊರಗೆ ಬಿಸಿಲಿಗೆ ಬನ್ನಿ. ದೂರದ ಬೋರ್ಡಿನ ಸಣ್ಣ ಅಕ್ಷರ ಎರಡೆರಡಾಗಿ ಕಾಣಬಾರದು. ಸೂರ್ಯನಿಗೆ ಬೆನ್ನು ಹಾಕಿ ನಿಂತಾಗ ಲೆನ್ಸಿನ ಒಳಮೈಯಲ್ಲಿ ನಿಮ್ಮ ಕೆನ್ನೆಯೇ ಪ್ರತಿಬಿಂಬಿಸಿದರೆ, ಪಕ್ಕ ಹೆಚ್ಚು ಬಾಗಿದ ಇನ್ನೊಂದು ಫ್ರೇಮ್ ನೋಡಿ. ತಲೆ ಕೆಳಗೆ ಹಾಕಿ ಜೋರಾಗಿ ಅಲ್ಲಾಡಿಸಿ, ಜಾರಬಾರದು.

10. ಬೆವರು, ಹಬೆ, ಎರಿ ಧೂಳು

ಎರಿ ಹೊಲದ ಧೂಳು ನುಣುಪಾಗಿ ಕಂಡರೂ ಅದರೊಂದಿಗೆ ಮರಳಿನ ಕಣ ಇದ್ದೇ ಇರುತ್ತದೆ. ಪಾಲಿಕಾರ್ಬೊನೇಟ್ ಮೆದು. ಟವೆಲ್ಲಿನಿಂದಲೋ ಅಂಗಿಯ ತುದಿಯಿಂದಲೋ ಒಣಗಿದ್ದಂತೆಯೇ ಒರೆಸಿದರೆ ಗೀರು ಗ್ಯಾರಂಟಿ. ಒಂದೊಂದು ಗೀರೂ ಬಿಸಿಲಿನಲ್ಲಿ ಬೆಳಕಿನ ಗೆರೆಯಾಗಿ ಉರಿಯುತ್ತದೆ. ಮೊದಲು ನೀರು ಸುರಿದು ಧೂಳು ಇಳಿಸಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರಳಲ್ಲಿ ಸವರಿ, ತೊಳೆದು, ಮೈಕ್ರೊಫೈಬರ್ ಬಟ್ಟೆಯಿಂದ ಒತ್ತಿ ನೀರು ತೆಗೆಯಿರಿ. ಅರ್ಧ ಲೀಟರ್ ನೀರಿನ ಬಾಟಲಿ ಇದಕ್ಕೆಂದೇ ಕಿಟ್‌ನಲ್ಲಿರಲಿ.

ಥಿನ್ನರ್, ಅಸಿಟೋನ್, ಬಂದೂಕು ತೊಳೆಯುವ ಸಾಲ್ವೆಂಟ್ ತಾಗಬಾರದು. ಪಾಲಿಕಾರ್ಬೊನೇಟಿನಲ್ಲಿ ಕೂದಲೆಳೆ ಬಿರುಕು ಹುಟ್ಟಿ ಪೆಟ್ಟು ತಾಳುವ ಶಕ್ತಿಯೇ ಹೋಗುತ್ತದೆ, ಹೊರಗಿನಿಂದ ಅದು ಅಷ್ಟಾಗಿ ಕಾಣುವುದೂ ಇಲ್ಲ. ನಳಿಗೆ ಶುಚಿ ಮಾಡಿದ ಕೈಯಲ್ಲಿ ಕನ್ನಡಕ ಮುಟ್ಟಬೇಡಿ. ಗಾಜು ಒರೆಸುವ ಅಮೋನಿಯ ಸ್ಪ್ರೇ ಕೂಡ ಲೇಪ ತಿನ್ನುತ್ತದೆ.

ಹಬೆ ಹೆಚ್ಚು ಕಾಡುವುದು ಮೃಗಶಿರ, ಆರಿದ್ರಾ ಮಳೆಯ ದಿನಗಳಲ್ಲಿ. ಹಬೆ ನಿರೋಧಕ ಲೇಪ ಒಳಮೈಯಲ್ಲಿರುವ ಲೆನ್ಸ್ ಆರಿಸಿ, ಅದನ್ನು ತಿಕ್ಕಬೇಡಿ. ಹಣೆಗೆ ತೆಳು ಬೆವರುಪಟ್ಟಿ ಕಟ್ಟಿ, ಸರದಿಗಳ ನಡುವೆ ಕನ್ನಡಕವನ್ನು ಒಂದಿಷ್ಟು ಮುಂದಕ್ಕೆ ಸರಿಸಿ ಗಾಳಿ ಬಿಡಿ. ಫೈರಿಂಗ್ ಲೈನ್ ಬಿಡುವ ತನಕ ಪೂರ್ತಿ ತೆಗೆಯುವುದು ಬೇಡ, ಪಕ್ಕದವರು ಇನ್ನೂ ಹೊಡೆಯುತ್ತಿರುತ್ತಾರೆ.

ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕನ್ನಡಕ ಬಿಟ್ಟರೆ ಲೇಪ ಬಿರಿದು ಫ್ರೇಮ್ ಸೊಟ್ಟಗಾಗುತ್ತದೆ. ಗಟ್ಟಿ ಡಬ್ಬಿಯಲ್ಲಿಟ್ಟು ಸೀಟಿನ ಕೆಳಗಿಡಿ. ಪೆಲೆಟ್ ಚೂರು ಒಮ್ಮೆ ಬಡಿದ ಲೆನ್ಸಿನಲ್ಲಿ ಸಣ್ಣ ಬಿಳಿ ತಗ್ಗು ಬಿದ್ದಿರುತ್ತದೆ, ಉಗುರು ಆಡಿಸಿದರೆ ಕೈಗೆ ಸಿಗುತ್ತದೆ. ನೋಟಕ್ಕೆ ಅಡ್ಡ ಬರದಿದ್ದರೂ ಆ ಲೆನ್ಸ್ ಅಂದೇ ಬದಲಿಸಿ. ಗುರಿಗಣ್ಣಿನ ದಾರಿಯಲ್ಲಿ ಗೀರು ಬಿದ್ದರೂ, ಅಂಚಿನ ತಿರುಪಿನ ಬಳಿ ಬಿರುಕು ಕಂಡರೂ ಹಾಗೆಯೇ. ಬದಲಿಸಿದ ಹಳೆಯದನ್ನು ‘ಇರಲಿ’ ಎಂದು ಕಿಟ್‌ನಲ್ಲಿ ಉಳಿಸಬೇಡಿ, ನೋಡಲು ಬಂದ ಯಾವುದೋ ಹುಡುಗನ ಕಣ್ಣಿಗೆ ಅದೇ ಏರುತ್ತದೆ. ಬಂದವರಿಗೆ ಕೊಡಲೆಂದೇ ಗುರುತಿರುವ ಅಗ್ಗದ ಬಿಳಿ ಸೇಫ್ಟಿ ಕನ್ನಡಕ ಎರಡು ಬೇರೆಯೇ ಇಟ್ಟಿರಿ.